ಐದನೆಯ ಕೊಳವೆ

ಸದ್ದೇ ಹೊಗದಂತೆ ಕಟ್ಟಿದ್ದ ಆ ಪುಟ್ಟ ಕೋಣೆಯ ಬಾಗಿಲು ದಢಕ್ಕನೆ ತೆರೆದುಕೊಂಡಾಗ, ಕಿವಿ ಪರೀಕ್ಷೆ ಮಾಡುತ್ತಿದ್ದ ಅವಳು ಬೆಚ್ಚಿ ತಿರುಗಿದಳು.

ಹೊಸ್ತಿಲಲ್ಲಿ ಅಪರಿಚಿತ ತರುಣನೊಬ್ಬ ನಿಂತಿದ್ದ. ಅವನ ಬೆರಳಿಗೆಲ್ಲ ಗುಲಾಬಿ ಬಣ್ಣದ ರಬ್ಬರು ಮೆತ್ತಿಕೊಂಡಿತ್ತು.

“ಹೊರಗೆ ಕೆಂಪು ದೀಪ ಉರೀತಿರೋದು ಕಾಣ್ಲಿಲ್ವಾ? ಪರೀಕ್ಷೆ ನಡೀತಿದೆ.”

“ಕ್ಷಮಿಸಿ... ನಾನು ಹೊಸಬ. ಕಿವಿ ಯಂತ್ರಕ್ಕೆ ಅಚ್ಚು ತೆಗೆಯೋನು. ಕಾಫಿ ಬೇಕಾದ್ರೆ ನಿಮ್ಮನ್ನೇ ಕೇಳ್ಬೇಕು ಅಂದ್ರು.”

ಅವಳು ಕಿಡಿಕಾರುವಷ್ಟರಲ್ಲಿ, ಪರೀಕ್ಷೆಗೆ ಕುಳಿತಿದ್ದ ಅಜ್ಜಿ ಹೆಡ್‌ಫೋನು ಸರಿಸಿ ನಕ್ಕುಬಿಟ್ಟರು.

“ಬೈಬೇಡ ಮಗಳೇ. ಇಷ್ಟೊತ್ತು ನೀನು ಕೇಳಿಸಿದ ಟುಯ್ ಟುಯ್ ಒಂದೂ ನನಗೆ ಕೇಳಿಸ್ಲಿಲ್ಲ. ಈ ಹುಡುಗನ ದನಿ ಮಾತ್ರ ಗಂಟೆ ಹೊಡೆದ ಹಾಗೆ ಕೇಳಿಸ್ತು.”

ನಗು ತಡೆಯಲಾರದೆ ಅವಳು ಕೋಣೆಯ ಮೂಲೆಯ ಬೀರು ತೆರೆದಳು. ಆ ಚಿಕಿತ್ಸಾಲಯದಲ್ಲಿ ಬೀಗವಿದ್ದ ಬೀರು ಅದೊಂದೇ. ಒಂದು ಕಪ್ಪಿಗೆ ಒಂದರಂತೆ ಬರುವ, ಪುಡಿ ತುಂಬಿದ ಪುಟ್ಟ ಡಬ್ಬಿಗಳಂಥ ಕಾಫಿ ಪಾಡ್‌ಗಳೆಲ್ಲ ಅದರೊಳಗೇ ಇರುತ್ತಿದ್ದವು. ಆದ್ದರಿಂದಲೇ ಅವಳಿಗೆ ‘ಕಾಫಿ ಖಜಾಂಚಿ’ ಎಂಬ ಅಡ್ಡಹೆಸರು.

“ಯಾವುದು ಬೇಕು?”

“ಇರೋದ್ರಲ್ಲೆಲ್ಲ ಕಹಿಯಾದದ್ದು.”

ಬೇರಾರೂ ಕೇಳದ ಕಪ್ಪು ಮುಚ್ಚಳದ ಪಾಡ್ ಒಂದನ್ನು ಅವಳು ಅವನ ಅಂಗೈಯಲ್ಲಿಟ್ಟಳು.

ಅಂದಿನಿಂದ ಅವನು ದಿನವೂ ಬಂದ. ಆದರೆ ಕೆಂಪು ದೀಪ ಆರುವವರೆಗೂ ಹೊರಗೆ ಗೋಡೆಗೊರಗಿ ಕಾದ. ಆ ಗಳಿಗೆಗಾಗಿ ಅವಳೂ ಒಳಗೆ ಕಾಯುತ್ತಿದ್ದಳೆಂಬುದು ಅವಳ ಮನಸ್ಸಿಗಷ್ಟೇ ಗೊತ್ತಿತ್ತು.

ಉಳಿದವರಿಗೆ ಆ ತಾಳ್ಮೆ ಇರಲಿಲ್ಲ. ಯಾರೋ ಕಾಫಿಗೆಂದು ಬಾಗಿಲು ಬಡಿದ ಗದ್ದಲಕ್ಕೆ ಪುಟ್ಟ ಮಗುವೊಂದರ ಪರೀಕ್ಷೆ ಕೆಟ್ಟಿತು. ದೊಡ್ಡ ಡಾಕ್ಟರು ಎಲ್ಲರೆದುರೇ ಅವಳನ್ನು ಕೇಳಿದರು:

“ನೀವಿಲ್ಲಿ ಕಿವಿ ನೋಡೋಕೆ ಬಂದಿದ್ದೀರೋ, ಕಾಫಿ ಅಂಗಡಿ ಇಡೋಕೆ ಬಂದಿದ್ದೀರೋ?”

ಅವಳು ತಲೆ ತಗ್ಗಿಸಿದಳು. ಅಚ್ಚುಗಾರ ಅದನ್ನು ಕಂಡ.

ಕೆಲವು ವಾರಗಳ ಅನಂತರ, ಮನೆಯಲ್ಲೇ ಕಟ್ಟಿದ ಯಂತ್ರವೊಂದನ್ನು ತಂದು ಅವಳ ಕೋಣೆಯ ಹೊರಗೋಡೆಯ ಪಕ್ಕದಲ್ಲಿಟ್ಟ. ಮರದ ಚೌಕಟ್ಟಿನಲ್ಲಿ ಐದು ಪಾರದರ್ಶಕ ಕೊಳವೆಗಳು, ಒಂದೊಂದರಲ್ಲಿ ಒಂದೊಂದು ಬಗೆಯ ಕಾಫಿ. ಒಂದು ಕೊಳವೆಯ ಗುಂಡಿ ಒತ್ತಿದರೆ ಅದರ ಆಟಿಕೆಯ ಮೋಟಾರು ಕೆಳಗಿನ ತಟ್ಟೆಯನ್ನು ಒಂದು ಸುತ್ತು ತಿರುಗಿಸುವುದು. ತಟ್ಟೆಯ ಕಂಡಿಯಿಂದ ಒಂದೇ ಒಂದು ಪಾಡ್ ಇಳಿಯುವುದು.

“ಎರಡೆರಡು ಬೀಳಲ್ವೇನಪ್ಪ?” ಎಂದರು ದೊಡ್ಡ ಡಾಕ್ಟರು.

“ಮೊದಲು ಬೀಳ್ತಿತ್ತು ಸಾರ್. ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿಕೊಳ್ತಿತ್ತು. ಅಡುಗೆಮನೆ ತುಂಬಾ ಪಾಡ್ ಉರುಳಾಡಿ, ನಮ್ಮಮ್ಮ ಸೌಟು ಹಿಡ್ಕೊಂಡು ಅಟ್ಟಿಸಿಕೊಂಡು ಬಂದ್ರು. ಆಮೇಲೆ ತಟ್ಟೆ ಮೇಲೆ ತೆಳುವಾದ ಪಟ್ಟಿಯೊಂದನ್ನ ನಾಲಿಗೆ ಹಾಗೆ ಕೂರಿಸಿದೆ. ಕೆಳಗಿನದು ಇಳಿಯುವಾಗ ಅದು ಮೇಲಿನದನ್ನ ಹಿಡ್ಕೊಳ್ಳುತ್ತೆ.”

ಎಷ್ಟು ಸರಳ, ಎಷ್ಟು ಚೊಕ್ಕ! ಆ ಬೆರಳುಗಳ ಜಾಣ್ಮೆಗೆ ಅವಳ ಮನಸ್ಸು ಮಾರುಹೋಗುತ್ತಿದ್ದಂತೆಯೇ ಅವನೆಂದ: “ಇನ್ಮೇಲೆ ಕಾಫಿಗೆ ಅಂತ ಯಾರೂ ಮೇಡಮ್ ಬಾಗಿಲಿಗೆ ಹೋಗ್ಬೇಕಾಗಿಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಕೈ ಮಾತ್ರ ಮೇಲೇಳಲಿಲ್ಲ.

‘ಯಾರೂ... ಎಂದರೆ ಇವನೂ. ಇಷ್ಟೆಲ್ಲ ಕಷ್ಟಪಟ್ಟದ್ದು ನನ್ನ ಮುಖ ನೋಡುವುದನ್ನು ತಪ್ಪಿಸಿಕೊಳ್ಳಲೆಂದೇ?’

ಬೀರು ಬರಿದುಮಾಡಿ, ಉಳಿದ ಪಾಡ್‌ಗಳನ್ನು ಅವನ ಮುಂದಿಟ್ಟಳು. “ತಗೊಳ್ಳಿ. ನನ್ನ ಹತ್ರ ಇನ್ನೇನೂ ಇಲ್ಲ.”

ಅವನ ಮುಖ ಬಾಡಿತು. ಮತ್ತೆ ಅವನು ಆ ಗೋಡೆಗೊರಗಿ ನಿಲ್ಲಲಿಲ್ಲ.

ದಿನಗಳು ಕಳೆದವು. ಹೊಸ ಕಿವಿ ಯಂತ್ರ ಹಾಕಿಸಿಕೊಳ್ಳಲು ಅದೇ ಅಜ್ಜಿ ಬಂದರು. ಹೊರಡುವಾಗ ಕಾಫಿಯ ಗುಂಡಿಯೊತ್ತಿ ಮುಖ ಸಿಂಡರಿಸಿದರು.

“ಮಗಳೇ, ಈ ಕಿವಿ ಯಂತ್ರ ಸರಿಯಿಲ್ಲ. ಕಾಫಿ ಡಬ್ಬಿ ಬಿತ್ತು, ಸದ್ದೇ ಕೇಳಿಸ್ಲಿಲ್ಲ.”

ಅವಳು ಗಕ್ಕನೆ ನಿಂತಳು. ಸದ್ದನ್ನೇ ನಂಬಿ ಬದುಕುವ ತನಗೂ ಇದುವರೆಗೆ ಅದು ಕೇಳಿಸಿಲ್ಲವಲ್ಲ!

ಪಾಡ್ ಇಳಿಯುವ ಜಾಗದೊಳಗೆ ಕೈ ಹಾಕಿದಳು. ಮೆತ್ತಗಿತ್ತು. ಬಗ್ಗಿ ನೋಡಿದಳು: ಒಳಗೆಲ್ಲ ಗುಲಾಬಿ ಬಣ್ಣದ ರಬ್ಬರು, ಕಿವಿಯ ಅಚ್ಚಿಗೆ ಬಳಸುವಂಥದೇ. ಮೋಟಾರುಗಳ ಕೆಳಗೆ ದಪ್ಪ ಬಟ್ಟೆ. ಇಷ್ಟೊಂದು ಮೌನ ಆ ಕಟ್ಟಡದಲ್ಲಿ ಬೇಕಾಗಿದ್ದುದು ಒಂದೇ ಒಂದು ಕೋಣೆಗೆ...

ಅವಳ ಕಣ್ಣು ತುಂಬಿ ಬಂತು. ಐದನೆಯ ಕೊಳವೆಯತ್ತ ನೋಡಿದಳು. ಕಪ್ಪು ಮುಚ್ಚಳದ ಪಾಡ್‌ಗಳು ಅಂಚಿನವರೆಗೆ ಹಾಗೆಯೇ ಇದ್ದವು. ಗುಂಡಿಯೊತ್ತಿದರೆ ತಟ್ಟೆ ತಿರುಗಲಿಲ್ಲ. ಮೇಲಿನಿಂದ ಒಂದನ್ನು ಎತ್ತಿಕೊಂಡು ಅಚ್ಚುಗಾರನ ಕೋಣೆಗೆ ನಡೆದಳು.

“ಐದನೇದು ಕೆಟ್ಟಿದೆ.”

“ಕೆಟ್ಟಿಲ್ಲ,” ಅವನು ತಲೆಯೆತ್ತಲಿಲ್ಲ. “ಅದಕ್ಕೆ ನಾನು ಮೋಟಾರೇ ಇಟ್ಟಿಲ್ಲ.”

“ಮರೆತ್ರಾ?”

“ಇಲ್ಲ. ಅದು ನನ್ನ ಕಾಫಿ. ಅದನ್ನ ನೀವೇ ಕೊಡ್ಬೇಕು ಅಂತ...”

“ಹಾಗಾದ್ರೆ ಇಷ್ಟು ದಿನ ಕಾಫಿ ಇಲ್ದೇನೇ ಇದ್ರಾ?”

“ತಲೆನೋವು ಬಂತು. ನಿಮ್ಮ ಬಾಗಿಲು ಬಡಿಯೋ ಧೈರ್ಯ ಬರ್ಲಿಲ್ಲ.”

ಅವಳು ಪಾಡನ್ನು ಅವನ ಅಂಗೈಯಲ್ಲಿಟ್ಟಳು, ಕೈ ಹಿಂತೆಗೆಯಲಿಲ್ಲ. ಅವನು ಮೆಲ್ಲಗೆ ಬೆರಳು ಮುಚ್ಚಿದ.

“ನನಗೆ ನೀವು ಬೇಕು. ಕಾಫಿ ಒಂದು ನೆಪ.”

“ಸರಿಯಾಗಿ ಕೇಳಿಸ್ಲಿಲ್ಲ,” ಎಂದಳು ಅವಳು, ಕೆನ್ನೆ ಒರೆಸಿಕೊಳ್ಳುತ್ತ.

ಬಾಗಿಲಾಚೆಯಿಂದ ಅಜ್ಜಿಯ ದನಿ ಬಂತು. “ನನಗೆ ಚೆನ್ನಾಗೇ ಕೇಳಿಸ್ತು. ಆದ್ರೂ ಇನ್ನೊಂದ್ಸಲ ಹೇಳಪ್ಪ, ಅವಳಿಗೋಸ್ಕರ.”

ಅವನು ಇನ್ನೊಮ್ಮೆ ಹೇಳಿದ.