ಡ್ರೈವರ್ ಲಕ್ಕಪ್ಪನ ಲೈಸೆನ್ಸು

ಒಂದು ಕಾಲಿನ ಪಟ್ಟಿ ಸುತ್ತಿ ಮುಗಿದಿತ್ತು. ಹವಾಲ್ದಾರ ಉಳವಪ್ಪ ಠಾಣೆಯ ಕಟ್ಟೆಯ ಮೇಲೆ ಕುಳಿತು ಇನ್ನೊಂದು ಕಾಲಿಗೆ ಖಾಕಿ ಪಟ್ಟಿಯನ್ನು ಬಿಗಿಯುತ್ತಿದ್ದ. ಎರಡು ಸಲ ಸುತ್ತಿ ಎರಡು ಸಲ ಬಿಚ್ಚಿದ್ದ. ಮೀನಖಂಡದ ಹತ್ತಿರ ಬಂದರೆ ಸಾಕು, ಅದು ಸಡಿಲ ಬೀಳುತ್ತಿತ್ತು. ಅಷ್ಟರಲ್ಲಿ ಲಾರಿ ಮಾಲಕ ಗುರುಶಿದ್ದಪ್ಪ ರುಮಾಲಿಲ್ಲದೆ ಓಡಿ ಬಂದ. ಅವನ ಬರಿದಲೆಯನ್ನು ಹುಬ್ಬಳ್ಳಿ ಪೇಟೆಯಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

"ಹವಾಲ್ದಾರ್ರ, ನಮ್ಮ ಡ್ರೈವರ್ ಲಕ್ಕಪ್ಪನ್ನ ಬಡದು ಕೊಂದಾರ್ರಿ!"

"ಎಲ್ಲಿ?"

"ನಮ್ಮ ಶೆಡ್ಡಿನ್ಯಾಗ, ಲಾರಿ ಬಾಜೂಕ. ನಾ ಮನಿಗೆ ಊಟಕ್ಕ ಹೋಗಿ ಬರೂದ್ರಾಗ ಎಲ್ಲಾ ಮುಗದೈತ್ರಿ."

1934ನೆಯ ಇಸವಿ ಫೆಬ್ರುವರಿ 13, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಫೌಜದಾರ ಯಜ್ಞೇಶ್ವರರಾಯರು ಫಿರ್ಯಾದಿ ಬರೆಸಿಕೊಂಡು, ಎಫ್‌ಐಆರ್ ಪುಸ್ತಕಕ್ಕೆ ಗುರುಶಿದ್ದಪ್ಪನ ಸಹಿ ಹಾಕಿಸಿ, ಟೋಪಿ ಇಟ್ಟುಕೊಂಡು ಎದ್ದರು. ಉಳವಪ್ಪ ಪಟ್ಟಿಯ ತುದಿಯನ್ನು ಹಾಗೇ ಒಳಗೆ ಸಿಕ್ಕಿಸಿ ಬೆನ್ನು ಹತ್ತಿದ.

ಶೆಡ್ಡು ಕಮರಿಪೇಟೆಯ ಹಿಂಬದಿಗೆ. ಹತ್ತಿಯ ಅಂಡಿಗೆ ಹೇರಿದ ಲಾರಿ ಹೊರಡಲು ಸಿದ್ಧವಾಗಿ ನಿಂತಿತ್ತು. ಅದರ ಮುಂದಿನ ಗಾಲಿಯ ಹತ್ತಿರ ಲಕ್ಕಪ್ಪ ಅಂಗಾತ ಬಿದ್ದಿದ್ದ. ತಲೆಯ ಎಡಭಾಗ ಒಳಕ್ಕೆ ಕುಸಿದು, ಒಂದು ಕಣ್ಣು ಎಲ್ಲಿತ್ತೆಂದು ಹೇಳುವಂತಿರಲಿಲ್ಲ. ನೆಲದ ಮೇಲೆ ಉದುರಿದ ಹತ್ತಿ ರಕ್ತ ಕುಡಿದು ಕೆಂಪು ಮುದ್ದೆಯಾಗಿತ್ತು. ಏಟು ಏಳು. ಅದರಲ್ಲಿ ಮೂರು ಬಿದ್ದ ಮೇಲಿನವು. ತಲೆಯ ಕೆಳಗಿನ ಗಟ್ಟಿ ಮಣ್ಣೂ ತಗ್ಗು ಬಿದ್ದಿತ್ತು.

ಮೂರೂ ಕಾಲಿಗೆ ಪಂಚನಾಮೆ ಸುರುವಾಯಿತು. ಹೆಣದ ಎಡಗೈ ಮುಷ್ಟಿಯಲ್ಲಿ ಏನೋ ಕಾಗದವಿತ್ತು. ಬೆರಳು ಬಿಡಿಸಲು ಇಬ್ಬರು ಬೇಕಾಯಿತು. ಮುದುಡಿದ, ರಕ್ತದಲ್ಲಿ ತೋಯ್ದ ಡ್ರೈವಿಂಗ್ ಲೈಸೆನ್ಸು. ಲಕ್ಕಪ್ಪನ ಹೆಸರು, ಧಾರವಾಡದ ಶಿಕ್ಕಾ, ಕೆಳಗೆ ಹೆಬ್ಬೆಟ್ಟಿನ ಗುರುತು. ಫೋಟೋ ಗೀಟೋ ಇರಲಿಲ್ಲ. ಫೌಜದಾರರು ಅದನ್ನು ಒಣಗಲು ಇಟ್ಟು, ಮಸಿ ತರಿಸಿ ಹೆಣದ ಎಡಗೈ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿಸಿದರು. ಹೆಣ ಯಾರದೆಂದು ಊರಿಗೆಲ್ಲ ಗೊತ್ತಿದ್ದರೂ ಅದು ಅವರ ಪದ್ಧತಿ.

"ಹೊಡದದ್ದು ಯಾತರಿಂದ? ಹುಡುಕ್ರಿ," ಎಂದರು.

ಹುಡುಕುವುದಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ. ಲಾರಿಯ ಬೋಲ್ಟು ತಿರುವುವ ಪಾನ, ಜಾಕು, ಸರಪಳಿ ಎಲ್ಲ ಎಣ್ಣೆ ಮೆತ್ತಿಕೊಂಡು ನೆಲದ ಮೇಲೆ ಚೆಲ್ಲಾಪಿಲ್ಲಿ. ಎಂಜಿನ್ ತಿರುವುವ ಕಬ್ಬಿಣದ ಹ್ಯಾಂಡಲ್ ಮಾತ್ರ ಸೀಟಿನ ಕೆಳಗೆ, ತನ್ನ ತೊಗಲಿನ ಪಟ್ಟೆಯೊಳಗೆ, ತಿಕ್ಕಿ ಒರೆಸಿದ ಹೊಳಪಿನಲ್ಲಿ ಕುಳಿತಿತ್ತು. ಹ್ಯಾಂಡಲ್ ಬಾಗಿದ ಸಂದಿನಲ್ಲಿ ನಾಲ್ಕು ಕೂದಲು ಅಂಟಿದ್ದವು.

"ಕೊಂದು, ಒರಸಿ, ಜಾಗಾಕ್ಕ ಇಟ್ಟು ಹೋಗ್ಯಾನ," ಎಂದರು ಫೌಜದಾರರು. "ಓಡಿ ಹೋಗೋ ಕಳ್ಳ ಹಿಂಗ ಇಡ್ತಾನೇನು, ಉಳವಪ್ಪ?"

"ಇಡೂದಿಲ್ರಿ ಸಾಹೇಬ್ರ. ಈ ಲಾರಿ ಮ್ಯಾಲೆ ಜೀವ ಇಟ್ಟಾಂವ ಇಡ್ತಾನ."

ಶೆಡ್ಡಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕುಳಿತವನನ್ನು ಉಳವಪ್ಪ ಕರೆದ. ಮೂವತ್ತೈದರ ಆಸುಪಾಸು, ಕಪ್ಪಗೆ, ಗಟ್ಟಿ ತೋಳಿನವ.

"ಹೆಸರು?"

"ಹೊಳೆಯಪ್ಪರಿ."

"ಊರು?"

"ಮುರ್ಮಗೋವಾರಿ, ಪೋರ್ತುಗೀಸರ ರಾಜ್ಯ. ನಮ್ಮಪ್ಪ ಬಂದರದಾಗ ಹಮಾಲಿ ಮಾಡಾಕ ಹೋಗಿದ್ದ. ನಾ ಅಲ್ಲೇ ಹುಟ್ಟೇನಿ."

"ಇಲ್ಲಿಗೆ ಬಂದು?"

"ಮೂರು ವರ್ಷಾತ್ರಿ."

"ಏನು ಕೆಲಸ?"

ಅವನು ಲಾರಿಯನ್ನು ಒಮ್ಮೆ ನೋಡಿದ. "ಕ್ಲೀನರ್ರಿ."

"ಮಧ್ಯಾಹ್ನ ಎಲ್ಲಿದ್ದಿ?"

"ಯಾಕೂಬಸಾಬನ ಕಡೆ. ಟಯರಿಗೆ ಪಂಕ್ಚರ್ ಹಾಕಸ್ತಿದ್ದೆ."

ಜಬಾನಿ ಬರೆದು ಓದಿ ಹೇಳಿ, ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡು, ಉಳವಪ್ಪ ಆ ಕಾಗದವನ್ನು ಉಳಿದವುಗಳ ಜೊತೆ ಸೇರಿಸಿದ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಉಳವಪ್ಪ ಯಾಕೂಬಸಾಬನ ಅಂಗಡಿಯಲ್ಲಿದ್ದ. ಲಾರಿ ಮೋಟಾರು ರಿಪೇರಿ ಮಾಡುವ ಮುದುಕ, ಮಾತಿಗೆ ಮೊದಲು ಚಹಾ ಕುಡಿಸುವವ.

"ಹೊಳೆಯಪ್ಪ ಟಯರ್ ಇಟ್ಟು ಹೋದ ಖರೆ, ಎರಡಕ್ಕ ತಿರುಗಿ ಬಂದ. ನಡುವ ಎಲ್ಲಿ ಹೋಗಿದ್ನೋ, ಅಲ್ಲಾನ ಬಲ್ಲ."

"ಲಕ್ಕಪ್ಪನ ವೈರಿ ಯಾರಿದ್ರು? ಊರಿಗೇ ಭಾರಿ ಡ್ರೈವರ್ ಅಂತಾರಲ್ಲ."

ಯಾಕೂಬಸಾಬ ಬಸಿ ಕೆಳಗಿಟ್ಟು ನಕ್ಕುಬಿಟ್ಟ. "ಭಾರಿ ಡ್ರೈವರ್! ಹೋದ ವರ್ಷ ಆತನ ಬಲಗೈ ಮಣಿಕಟ್ಟು ಮುರದಿತ್ತಲ್ಲ, ಹೆಂಗ ಮುರೀತು ಕೇಳ್ರಿ. ಹ್ಯಾಂಡಲ್ಲನ್ನ ಕೊಡಲಿ ಹಿಡದಂಗ ಮುಷ್ಟಿ ಕಟ್ಟಿ ಹಿಡದ. ಎಂಜಿನ್ ಹಿಂದಕ್ಕ ಒದೀತು, ಚಟ್! ಐದೂ ಬೆರಳು ಒಂದಽ ಬಾಜೂ ಇಡಬೇಕ್ರಿ, ಹೆಬ್ಬೆಟ್ಟ ಸುದ್ದಾ. ಇದು ಮೊದಲ್ನೇ ದಿನದ ಪಾಠ."

"ಹಂಗಾರ ಲಾರಿ ಯಾರು ಹೊಡೀತಿದ್ರು?"

"ನನ್ನ ಬಾಯಿಂದ ಯಾಕ ಹೇಳಸ್ತೀರಿ?"

"ಕೇಳಾಕತ್ತೇನಿ, ಹೇಳ್ರಿ."

"ಪೇಟಿ ದಾಟೂತನಕ ಲಕ್ಕಪ್ಪ. ಆಮ್ಯಾಲೆ ಆ ಗೋವಾದ ಹೊಳೆಯಪ್ಪ. ಪೊಲೀಸ ನಾಕಾ ಕಂಡ್ತು ಅಂದ್ರ ಮತ್ತ ಜಾಗಾ ಬದಲಿ. ಗಾಡಿ ಹೊಡತ ಅಂದ್ರ ಅವನದು, ಹವಾಲ್ದಾರ್ರ. ಘಟ್ಟದಾಗ ಹಿಂದ ಕುಂತಾಂವ ನಿದ್ದಿ ಮಾಡಬೇಕು, ಹಂಗ."

ಉಳವಪ್ಪ ಠಾಣೆಗೆ ಮರಳಿ ಲೈಸೆನ್ಸನ್ನು ಮೇಜಿನ ಮೇಲೆ ಹಾಸಿದ. ರಕ್ತ ಒಣಗಿ ಕಂದಾಗಿತ್ತು, ಹೆಬ್ಬೆಟ್ಟು ಮಾತ್ರ ಸ್ಪಷ್ಟ. ಅದರ ಅಡ್ಡಕ್ಕೆ ಓರೆಯಾಗಿ ಒಂದು ಬಿಳಿ ಗೆರೆ, ಹಳೆಯ ಗಾಯದ ಗುರುತು. ಹೆಣದ ಹೆಬ್ಬೆಟ್ಟನ್ನು ಪಕ್ಕಕ್ಕಿಟ್ಟ. ಅದರಲ್ಲಿ ಗೆರೆ ಇರಲಿಲ್ಲ. ಆಮೇಲೆ ಜಬಾನಿಯ ಕಟ್ಟನ್ನು ಬಿಚ್ಚಿ, ತಾನೇ ನಿನ್ನೆ ಒತ್ತಿಸಿಕೊಂಡ ಗುರುತುಗಳನ್ನು ಒಂದೊಂದಾಗಿ ತಿರುವಿದ. ನಾಲ್ಕನೆಯದರಲ್ಲಿ ಅದೇ ಓರೆ ಗೆರೆ ಇತ್ತು.

ಫೌಜದಾರರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಲೈಸೆನ್ಸು ಲಕ್ಕಪ್ಪಂದು. ಹೆಬ್ಬೆಟ್ಟು ಹೊಳೆಯಪ್ಪಂದು. ಹೋಗಿ ಕರಕೊಂಡು ಬಾ. ಶಿಪಾಯಿ ಗೌಸಮೊದ್ದೀನನ್ನ ಜೋಡಿ ಕರಕೊ, ಒಬ್ಬನಽ ಹೋಗಬ್ಯಾಡ."

ಹನ್ನೊಂದು ಗಂಟೆಗೆ ಇಬ್ಬರೂ ಶೆಡ್ಡು ಹೊಕ್ಕರು. ಪಂಚನಾಮೆಯಲ್ಲಿ ಹ್ಯಾಂಡಲ್ ಜಪ್ತಿಯಾದ್ದರಿಂದ ಗುರುಶಿದ್ದಪ್ಪ ಬೇರೊಂದು ತರಿಸಿದ್ದ. ಅದನ್ನು ಎಂಜಿನ್ನಿಗೆ ಕೂಡಿಸಿ ನೋಡುತ್ತಿದ್ದ ಹೊಳೆಯಪ್ಪ ಇವರನ್ನು ಕಂಡು ನೆಟ್ಟಗಾದ.

"ಹೊಳೆಯಪ್ಪಾ, ಎಡಗೈ ತೋರಸು," ಎಂದ ಉಳವಪ್ಪ.

ಅವನು ಕೈ ತೋರಿಸಲಿಲ್ಲ. ಹ್ಯಾಂಡಲ್ ಗಾಳಿಯಲ್ಲಿ ಸುಂಯ್ ಎಂದಿತು. ಉಳವಪ್ಪ ಅಡ್ಡ ಹಿಡಿದ ಎಡಗೈ ಮೊಣಕೈಯ ಕೆಳಗೆ ಒಣ ಕಟ್ಟಿಗೆಯಂತೆ ಲಟಕ್ಕೆಂದಿತು. ಎರಡನೆಯ ಏಟು ಗೌಸಮೊದ್ದೀನನ ಕಿವಿಯನ್ನು ಹರಿದುಕೊಂಡು ಹೋಯಿತು. ಅವನು ರಕ್ತ ಸುರಿಸುತ್ತಲೇ ಹೊಳೆಯಪ್ಪನ ಕಾಲು ಹಿಡಿದು ಜಗ್ಗಿದ. ಮೂವರೂ ಹತ್ತಿಯಲ್ಲಿ ಹೊರಳಾಡಿದರು. ಹೊಳೆಯಪ್ಪ ಗೌಸಮೊದ್ದೀನನ ಭುಜವನ್ನು ಹಲ್ಲಿನಲ್ಲಿ ಹಿಡಿದ. ಉಳವಪ್ಪ ಉಳಿದ ಒಂದು ಕೈಯಲ್ಲಿ ಅವನ ಕೂದಲು ಹಿಡಿದು ತಲೆಯನ್ನು ಗಾಲಿಗೆ ಬಡಿದ. ಒಮ್ಮೆ, ಎರಡು ಸಲ, ಮೂರು ಸಲ. ಬೇಡಿ ಬಿದ್ದಾಗ ಮೂವರ ಬಾಯಲ್ಲೂ ಹತ್ತಿ ಮತ್ತು ರಕ್ತ.

ಅಷ್ಟರಲ್ಲಿ ಶೆಡ್ಡಿನ ಹಮಾಲರು ಕಲ್ಲು ಹಿಡಿದು ಓಡಿ ಬಂದರು. "ಬಿಡ್ರಿ ಹವಾಲ್ದಾರ್ರ, ನಮಗ ಬಿಡ್ರಿ ಅಂವನ್ನ!"

"ಯಾಂವರೆ ಕಲ್ಲು ಒಗದ್ರ, ಅಂವನ್ನೂ ಇದಽ ಬೇಡಿಗೆ ಹಾಕ್ತೇನಿ," ಎಂದು ಮುರಿದ ಕೈಯನ್ನು ಎದೆಗೆ ಅವಚಿಕೊಂಡ ಉಳವಪ್ಪ ಹೊಳೆಯಪ್ಪನಿಗೆ ಅಡ್ಡವಾಗಿ ನಿಂತ. ಒಂದು ಕಲ್ಲು ಹೆಗಲಿಗೆ ಬಿತ್ತು. ಅವನು ಕದಲಲಿಲ್ಲ.

ಠಾಣೆಯಲ್ಲಿ ನೀರು ಕುಡಿದ ಮೇಲೆ ಹೊಳೆಯಪ್ಪ ಹೇಳಿದ. ಮರುದಿನ ಮ್ಯಾಜಿಸ್ಟ್ರೇಟರ ಮುಂದೆಯೂ ಅದನ್ನೇ ಹೇಳಿದ.

"ಅಲ್ಲಿ ಎಂಟು ವರ್ಷ ಲಾರಿ ಹೊಡದೇನ್ರಿ. ಪೋರ್ತುಗೀಸರ ಲೈಸೆನ್ಸ್ ಐತಿ. ಇಲ್ಲಿ ಅದು ನಡಿಯೂದಿಲ್ಲ, ಹೊಸಾದು ತಗೀಬೇಕು, ಅರ್ಜಿ ನಾ ತುಂಬತೇನಿ ಅಂದ ಲಕ್ಕಪ್ಪ. ಧಾರವಾಡಕ್ಕ ಕರಕೊಂಡು ಹೋದ. ಹೆಸರು ಕರದಾಗ ಲಕ್ಕಪ್ಪ ಅಂದ್ರು. ಅಂವನಽ ನನ್ನ ಮುಂದಕ್ಕ ದೂಡಿದ. ಅರ್ಜಿ ತುಂಬಿದಾಂವನ ಹೆಸರು ಕರೀತಾರ ಅಂದ್ಕೊಂಡೆ. ಹೆಬ್ಬೆಟ್ಟು ಒತ್ತಿದೆ, ಗಾಡಿ ಹೊಡದು ತೋರಿಸಿದೆ. ಸಾಹೇಬ್ರು ಶಾಬಾಸ್ ಅಂದ್ರು."

"ಆಮ್ಯಾಲೆ ಕೇಳಲಿಲ್ಲೇನು?"

"ಕೇಳಿದೆನ್ರಿ, ಮೂರು ವರ್ಷ. ನೀ ಪರರಾಜ್ಯದಾಂವ, ನಿಂದು ತಡಾ ಆಗತೈತಿ ಅಂತಿದ್ದ. ಮಂಗಳವಾರ ಆತ ಮಾರಿ ತೊಳಕೊಳ್ಳಾಕತ್ತಿದ್ದ. ಬೀಡಿ ಹುಡುಕಾಕ ಆತನ ಕೋಟಿನ್ಯಾಗ ಕೈ ಹಾಕಿದೆ, ಇದು ಬಂತು. ಅಕ್ಷರ ಓದಾಕ ಬರೂದಿಲ್ರಿ ನನಗ. ನನ್ನ ಹೆಬ್ಬೆಟ್ಟ ಓದಾಕ ಬರ್ತೈತಿ."

"ಅಂವ ಏನಂದ?"

"ಕಸಗೊಂಡ. ನಕ್ಕ. ಹೆಬ್ಬೆಟ್ಟ ನಿಂದು, ಹೆಸರು ನಂದು. ಹೋಗಿ ಹೇಳು, ಸುಳ್ಳು ಹೆಸರಿನ್ಯಾಗ ಒತ್ತಿದಾಂವ ನೀನಽ ಜೇಲಿಗೆ ಹೋಗ್ತಿ ಅಂದ. ಹ್ಯಾಂಡಲ್ ನನ್ನ ಕೈಯಾಗಽ ಇತ್ತು."

"ಕಾಗದ ಯಾಕ ಅಲ್ಲೇ ಬಿಟ್ಟಿ?"

"ಅಂವನ ಹೆಸರಿನ ಕಾಗದ ತಗೊಂಡು ನಾ ಏನು ಮಾಡ್ಲಿ?"

ಫೌಜದಾರರು ಧಾರವಾಡದ ಲೈಸೆನ್ಸ್ ಕಚೇರಿಯ ಗುಮಾಸ್ತನಿಗೆ ಕೇಳಿ ಕಳಿಸಿದರು. ಅಂದು ಹೊಳೆಯಪ್ಪನ ಸ್ವಂತ ಹೆಸರಿನಲ್ಲೇ ಅರ್ಜಿ ಹೋಗಿದ್ದರೂ ಲೈಸೆನ್ಸಿಗೆ ಏನೂ ಅಡ್ಡಿ ಇರಲಿಲ್ಲ ಎಂದು ಉತ್ತರ ಬಂತು. ಅವರು ಅದನ್ನು ಹೊಳೆಯಪ್ಪನಿಗೆ ಹೇಳಲಿಲ್ಲ. ಕೇಸಿನ ಕಾಗದಗಳ ಜೊತೆ ಹೊಲಿಸಿಬಿಟ್ಟರು.

ಶುಕ್ರವಾರ ಅವನನ್ನು ಜೇಲಿಗೆ ಒಯ್ಯುವ ಮೊದಲು ಉಳವಪ್ಪ ಕೇಳಿದ, "ನಿನ್ನವರಿಗೆ ಸುದ್ದಿ ಮುಟ್ಟಸಬೇಕು. ಯಾರದಾರ?"

"ಹೆಂಡತಿ ಹುಲಿಗೆವ್ವ, ಒಂದು ಮಗಳು. ಮುರ್ಮಗೋವಾದಾಗ. ಲೈಸೆನ್ಸ್ ಕೈಗೆ ಬಂದ ದಿನಾನ ಕಾಗದ ಬರಸ್ತೇನಿ, ಅಲ್ಲೀತನಕ ಬರಸೂದಿಲ್ಲ ಅಂತ ಹೇಳಿ ಬಂದಿದ್ದೆ. ಒಂದೂ ಬರಸಿಲ್ರಿ."

ಉಳವಪ್ಪ ಎಡಗೈಯ ಕಟ್ಟನ್ನು ಮೇಜಿನ ಮೇಲಿಟ್ಟು, ಬಲಗೈಗೆ ಟಾಕು ತಗೊಂಡ. "ಹೇಳು, ಬರೀತೇನಿ."

"ಪರೀಕ್ಷಾದಾಗ ಪಾಸಾಗೇನಿ ಅಂತ ಬರೀರಿ. ಮೊದಲ್ನೇ ಸಲಕ್ಕ ಪಾಸಾಗೇನಿ. ಸಾಹೇಬ್ರು ಶಾಬಾಸ್ ಅಂದ್ರು ಅಂತ ಬರೀರಿ. ಉಳದದ್ದು... ನೀವಽ ಬರೀರಿ."

ಉಳವಪ್ಪ ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದ. ಉಳಿದದ್ದನ್ನು ಕೆಳಗೆ ಮೂರು ಸಾಲಿನಲ್ಲಿ ಬರೆದು, ಓದಿ ಹೇಳಿದ. ಹೊಳೆಯಪ್ಪ ಕೇಳಿ ತಲೆಯಾಡಿಸಿ, ಬೇಡಿಯ ಕೈಯಿಂದಲೇ ಹೆಬ್ಬೆಟ್ಟು ಒತ್ತಿದ. ಉಳವಪ್ಪ ವಿಳಾಸ ಬರೆದು ತಿಕೀಟು ಹಚ್ಚಿದ. ನಾಲ್ಕೂವರೆಯ ಟಪಾಲು ತಪ್ಪಬಾರದೆಂದು ತಾನೇ ಪೋಸ್ಟಿಗೆ ನಡೆದು ಹೋಗಿ ಡಬ್ಬಿಯಲ್ಲಿ ಹಾಕಿ ಬಂದ.