ಇಟಲಿಯ ನೀಲಿ ಬಸವ

“ಒಟ್ಟೆಗೆ ಮೆತ್ತಿರೋ ಅರಗು ಮಾತ್ರ ಕೀಳ್ಬೇಡಿ ಡಾಕ್ಟ್ರಮ್ಮ. ನಮ್ಮಪ್ಪನ ಬಾಯಿಕಟ್ಟು ಅದ್ರೊಳ್ಗೆ ಕೂತದೆ.”

ಬೆಟ್ಟಮ್ಮ ಇಷ್ಟು ಹೇಳಿ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಳು. ಮದ್ದೂರಿನಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟಿದ್ದ ದೀಪಿಕ ನಕ್ಕಳು. ಮುದುಕಿಯ ಎದುರು ನಗು ತಡೆದುಕೊಳ್ಳುವಷ್ಟು ಮರ್ಯಾದೆಯನ್ನೂ ಅವಳು ತೋರಿಸಲಿಲ್ಲ. ಗಂಜಲದ ಘಾಟಿಗೆ ಮೂಗಿನ ಮೇಲೆ ಹಿಡಿದಿದ್ದ ಕರವಸ್ತ್ರವನ್ನು ನಗುವುದಕ್ಕೆಂದೇ ಒಂದು ಕ್ಷಣ ತೆಗೆದು, ಮತ್ತೆ ಮುಚ್ಚಿಕೊಂಡಳು.

ಕೊಟ್ಟಿಗೆಯ ಗೋಡೆಗೂಡಿನಲ್ಲಿ, ಗೋಡೆಗೆ ಮುಖ ಮಾಡಿ, ಮೊಳದುದ್ದದ ಒಂದು ಪಿಂಗಾಣಿ ಎತ್ತು ನಿಂತಿತ್ತು. ಮೈತುಂಬ ಅರಿಸಿನ, ವಿಭೂತಿ, ಹೊಗೆ ಕೂತ ಎಣ್ಣೆಜಿಡ್ಡು. ಆ ಕೊಳೆಯ ಕೆಳಗಿನಿಂದ ಅಲ್ಲೊಂದು ಇಲ್ಲೊಂದು ಕಡೆ ಕಡುನೀಲಿ ಇಣುಕುತ್ತಿತ್ತು. ಆ ನೀಲಿಯನ್ನು ನೋಡಿದ್ದೇ ದೀಪಿಕ ಮೂಗಿನ ಕರವಸ್ತ್ರವನ್ನೇ ಮರೆತಳು.

ಅವಳಿಗೆ ಹಿಡಿದಿದ್ದ ಹುಚ್ಚು ಅದೇ. ಅರವತ್ತು ಎಪ್ಪತ್ತು ವರ್ಷಗಳ ಹಿಂದೆ ಇಟಲಿಯ ಆವಿಗೆಗಳಲ್ಲಿ ಸುಟ್ಟ ಪಿಂಗಾಣಿ ಪ್ರಾಣಿಗಳು. ಮಳವಳ್ಳಿಯ ಅವಳ ಮನೆಯ ಬಿಳಿ ಗೋಡೆಯ ಹಲಗೆಗಳ ಮೇಲೆ ಹನ್ನೊಂದು ಇದ್ದವು. ಉದ್ದ ಕಾಲಿನ ಮೇಕೆ, ಕತ್ತಿಲ್ಲದ ಗೂಬೆ, ಮೈಗೆ ಮುದ್ರೆ ಒತ್ತಿದ ಬೆಕ್ಕು, ಇನ್ನೂ ಏನೇನೋ. ಎತ್ತರದವು ಹಿಂದೆ, ಗಿಡ್ಡವು ಮುಂದೆ, ಮೇಲಿನಿಂದ ಒಂದೊಂದಕ್ಕೂ ಒಂದು ಸಣ್ಣ ದೀಪ. ಸುತ್ತಲಿನ ಮನೆಗಳ ಷೋಕೇಸು ಕಂಡರೆ ಅವಳಿಗೆ ವಾಕರಿಕೆ. ಪ್ಲಾಸ್ಟಿಕ್ ಗುಲಾಬಿ, ಕವರು ಬಿಚ್ಚದ ಕರಡಿ ಬೊಂಬೆ, ಮದುವೆಗೆ ಬಂದ ಗಡಿಯಾರ. ಕಸದಬುಟ್ಟಿಗೆ ಗಾಜಿನ ಬಾಗಿಲು ಹಾಕಿದ್ದಾರೆ ಎಂದು ಬೆಂಗಳೂರಿನ ಗೆಳತಿಯರಿಗೆ ಹೇಳಿ ನಗಿಸುತ್ತಿದ್ದಳು. ಬೆಸಗರಹಳ್ಳಿಯವನಾದ ಗಂಡ ನಾಗರಾಜು ಹತ್ತಿರದ ಬ್ಲಫ್ ಎಂಬ ಊರಿನ ವಿದ್ಯುದಾಗಾರದಲ್ಲಿ ಎಂಜಿನಿಯರು. ಅವನ ಮಾತನ್ನೂ ಅವಳು ಬಿಟ್ಟಿರಲಿಲ್ಲ. ನೆಂಟರೆದುರೇ ‘ಅಳ್ಳಿ ಅಲ್ಲ, ಹಳ್ಳಿ’ ಎಂದು ತಿದ್ದುತ್ತಿದ್ದಳು. ಅವನು ನಕ್ಕು ಸುಮ್ಮನಾಗುತ್ತಿದ್ದ.

ಎತ್ತಿನ ಸುದ್ದಿ ಕೊಟ್ಟವನು ಬೆಟ್ಟಮ್ಮನ ತಮ್ಮನ ಮಗ ಅಶೋಕ. ವಾರದ ಹಿಂದೆ ಹಲ್ಲುನೋವಿಗೆ ಕ್ಲಿನಿಕ್ಕಿಗೆ ಬಂದವನು, ಮೇಜಿನ ಮೇಲಿದ್ದ ಪಿಂಗಾಣಿ ಕೋಳಿಯನ್ನು ನೋಡಿ, ಇಂಥದ್ದೇ ಒಂದು ನಿಡಘಟ್ಟದ ನಮ್ಮ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿದೆ, ಬೇಕಾದರೆ ತಗೊಂಡು ಹೋಗಿ ಅಂದಿದ್ದ. ಬೆಟ್ಟಮ್ಮನ ಅಪ್ಪ ತಿಮ್ಮಯ್ಯ ಬ್ಲಫ್‌ನ ಬಂಗಲೆಯೊಂದರಲ್ಲಿ ಇಟಲಿಯ ಎಂಜಿನಿಯರನಿಗೆ ಅಡುಗೆ ಮಾಡುತ್ತಿದ್ದನಂತೆ. ದೊರೆ ಊರಿಗೆ ಹೊರಟಾಗ ಅವನ ಕೈಗೆ ಈ ಎತ್ತನ್ನು ಇಟ್ಟು ಹೋಗಿದ್ದನಂತೆ.

ಮನೆ ಅಶೋಕನದು, ಕೊಡುವವನೂ ಅವನು. ಬೆಟ್ಟಮ್ಮ ಬಾಗಿಲು ಬಿಟ್ಟು ಸರಿದಳು. ಅರಗು ಕೀಳಬಾರದು, ಮೈ ತೊಳೆಯಬಾರದು, ಮುಖವನ್ನು ಮನೆಯವರ ಕಡೆ ತಿರುಗಿಸಬಾರದು ಎಂದು ಮತ್ತೆ ಹೇಳಿದಳು. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಡಿ, ಔಷಧಿ ಥರ ದಿನಕ್ಕೆ ಮೂರು ಸಲ ಓದಿಕೊಳ್ಳುತ್ತೇನೆ ಅಂದಳು ದೀಪಿಕ.

ಮುದುಕಿ ಅವಳ ಬಾಯಿಯನ್ನೇ ನೋಡಿದಳು. ಕಣ್ಣನ್ನಲ್ಲ, ಬಾಯಿಯನ್ನು.

ಅದೇ ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ, ರೋಗಿಗಳಿಲ್ಲದ ಊಟದ ಹೊತ್ತಿನಲ್ಲಿ, ದೀಪಿಕ ಎತ್ತನ್ನು ಮಗುಚಿ ಹಾಕಿದಳು. ಹೊಟ್ಟೆಯಡಿ, ಸುಡುವಾಗ ಆವಿ ಹೋಗಲು ಬಿಟ್ಟ ಬೆರಳಗಲದ ತೂತು. ಅದಕ್ಕೆ ರಕ್ತ ಹೆಪ್ಪುಗಟ್ಟಿದ ಬಣ್ಣದ ಅರಗು. ಹಲ್ಲಿನ ಪಾಚಿ ಕೆರೆಯುವ ಉಕ್ಕಿನ ಕೊಕ್ಕೆಯಿಂದ ಅರಗನ್ನು ಒಂದೊಂದೇ ಚೂರಾಗಿ ಎಬ್ಬಿಸಿದಳು. ಕೊನೆಯ ಚೂರು ಬಿದ್ದಾಗ ಒಳಗಿಂದ ಉಸಿರು ಬಿಟ್ಟಂತಾಯಿತು. ಸುಟ್ಟ ಕೂದಲಿನ ನಾತ. ಹಳಸಿದ ಎಲೆಅಡಿಕೆಯ ನಾತ. ಅದರ ಹಿಂದೆಯೇ ಬಾಯಿಯ ನಾತ, ಬಹಳ ದಿನ ಮುಚ್ಚಿಯೇ ಇದ್ದ ಬಾಯಿಯದು. ಹಲ್ಲಿನ ವೈದ್ಯೆಗೆ ಆ ನಾತ ಗೊತ್ತಿತ್ತು.

ಅಲುಗಾಡಿಸಿದಾಗ ಬೂದಿಯೂ ಗಂಟು ಹಾಕಿದ ಕೂದಲೂ ಬಿದ್ದವು. ಆಮೇಲೆ ಒಂದು ದವಡೆಹಲ್ಲು. ಮನುಷ್ಯನದು. ಹುಳುಕಿಲ್ಲ, ಸವೆತವಿಲ್ಲ, ಬೇರು ಗಟ್ಟಿ. ನೋವಿಲ್ಲದ ಹಲ್ಲನ್ನು ಯಾರೋ ಬದುಕಿದ್ದವನ ಬಾಯಿಂದ ಕಿತ್ತಿದ್ದರು. ಅವಳು, ಎಂಥ ಕಾಡುಜನ ಎಂದುಕೊಂಡು ಎಲ್ಲವನ್ನೂ ಹಳದಿ ಚೀಲಕ್ಕೆ ಸುರಿದಳು. ಆಸ್ಪತ್ರೆ ಕಸದ ವ್ಯಾನು ಸಂಜೆ ಬಂದು ಸುಡಲು ಒಯ್ದಿತು. ಎತ್ತಿಗೆ ಸೋಪು ಹಚ್ಚಿ ಬ್ರಷ್ಷಿನಲ್ಲಿ ಉಜ್ಜಿದಳು. ಸಮುದ್ರದ ನೀಲಿ ಎದ್ದು ಬಂತು. ಅಗಲ ಕೊಂಬು, ಕೆತ್ತಿದ ಎರಡು ಕಣ್ಣು. ಬಾಯಿ ಇರಲಿಲ್ಲ. ಇಟಲಿಯವನು ಬಾಯಿಯನ್ನೇ ಮಾಡಿರಲಿಲ್ಲ.

ಮನೆಯ ಹಲಗೆಯ ನಟ್ಟನಡುವೆ, ಊಟದ ಮೇಜಿಗೆ ಮುಖ ಮಾಡಿ ಅದನ್ನು ನಿಲ್ಲಿಸಿದಳು. ನಾಗರಾಜು ಕೆಲಸದಿಂದ ಬಂದವನು ಹೊಸ್ತಿಲಲ್ಲೇ ನಿಂತು, ಇದೇನು ಕೊಟ್ಟಿಗೆ ವಾಸನೆ ಅಂದ. ನಿಮ್ಮ ಮೈಯದೇ ಇರಬೇಕು ಅಂದಳು.

ಮರುದಿನ ಬೆಳಿಗ್ಗೆ ಇಡ್ಲಿ ಬಾಯಲ್ಲಿ ಮರಳಾಯಿತು. ಅಗಿದಷ್ಟೂ ಮರಳು. ಉಗುಳಿ ನೋಡಿದರೆ ಇಡ್ಲಿಯೇ. ಸಂಜೆ ಆಕಳಿಸಲು ಹೋದಾಗ ದವಡೆ ಅರ್ಧದಲ್ಲಿ ಹಿಡಿದುಕೊಂಡಿತು. ರೋಗಿಗಳ ಬಾಯಿ ಅಳೆಯುವ ಸಣ್ಣ ಉಕ್ಕಿನ ಪಟ್ಟಿಯನ್ನು ಕನ್ನಡಿಯೆದುರು ತನ್ನ ಹಲ್ಲುಗಳ ನಡುವೆ ಇಟ್ಟುಕೊಂಡಳು. ಇಪ್ಪತ್ತೆಂಟು ಮಿಲಿಮೀಟರು. ನಲವತ್ತು ಇರಬೇಕಿತ್ತು. ಮಾರನೆಯ ದಿನ ಹದಿನೈದು. ಧನುರ್ವಾಯುವಿನ ಚುಚ್ಚುಮದ್ದು ತಗೊಂಡಳು. ಮಂಡ್ಯಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದಳು. ನರ ಸರಿ, ಕೀಲು ಸರಿ, ಸ್ನಾಯು ಸರಿ. ಮನಸ್ಸಿಗೇನಾದರೂ ಒತ್ತಡವಿದೆಯೇ ಎಂದು ಅಲ್ಲಿನ ವೈದ್ಯ ಕೇಳಿದ. ಅವನ ತುಟಿಯ ಅಂಚಿನಲ್ಲಿ ಮೂಡಿದ ಸಣ್ಣ ತಾತ್ಸಾರ ಅವಳ ಕಣ್ಣಿಗೆ ಬಿತ್ತು.

ಮೂರನೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ನಾಗರಾಜು ಇನ್ನೂ ಬಂದಿರಲಿಲ್ಲ. ಮಬ್ಬುಗತ್ತಲಲ್ಲಿ ದೀಪಿಕ ಹಾಲಿನ ಲೋಟ ಹಿಡಿದು ಕೂತಿದ್ದಳು. ಹಲಗೆಯ ಕಡೆಯಿಂದ ಸದ್ದು ಬಂತು. ಮೆಲುಕು ಹಾಕುವ ಸದ್ದು. ಹಸಿಯಾದ, ನಿಧಾನದ, ತೃಪ್ತಿಯ ಸದ್ದು. ಅವಳು ಮೊಬೈಲಿನ ಬೆಳಕು ಹಿಡಿದಳು. ಸದ್ದು ನಿಂತಿತು. ಎತ್ತಿನ ಮೂತಿಯ ಮೇಲೆ ಅಡ್ಡಕ್ಕೆ ಒಂದು ಗೆರೆ. ನಿನ್ನೆ ಇರಲಿಲ್ಲ. ಬಿರುಕು ಎಂದುಕೊಂಡಳು. ಹತ್ತಿರ ಹೋದಳು. ಬಿರುಕಿನ ಅಂಚು ಒದ್ದೆಯಾಗಿತ್ತು. ಒಳಗಿನಿಂದ ಬೆಚ್ಚಗೆ ಗಾಳಿ ಬಂತು. ಅದೇ ನಾತ. ಬಿರುಕು ಅಗಲವಾಯಿತು. ಅವಳ ಹಲ್ಲುಗಳು ಕಟಕಟನೆ ಹತ್ತಿರವಾದವು. ಅದು ತೆರೆದಷ್ಟೂ ಇವಳದು ಮುಚ್ಚಿತು. ಕೂಗಲು ನೋಡಿದಳು. ಕೂಗು ಗಂಟಲಲ್ಲೇ ಉಳಿಯಿತು. ಅವಳ ಕೂಗು ಎದುರಿನಿಂದ, ಪಿಂಗಾಣಿಯ ಹೊಟ್ಟೆಯಿಂದ ಬಂತು.

ನಾಗರಾಜು ಬಂದಾಗ ಅವಳು ಅಡುಗೆಮನೆಯ ಮೂಲೆಯಲ್ಲಿ ಮುದುರಿ ಕೂತಿದ್ದಳು. ಹಲ್ಲುಗಳ ನಡುವೆ ಒಂದು ಬಳಪ ತೂರುವಷ್ಟು ಮಾತ್ರ ಸಂದಿ. ನಾಲಿಗೆ ಕಟ್ಟಿಗೆಯಾಗಿತ್ತು. ನಡೆದದ್ದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದಳು. ಅವನು ಒಂದು ಮಾತೂ ಬೈಯಲಿಲ್ಲ. ಬೆಳಗಾಗುತ್ತಲೇ ಎತ್ತನ್ನು ಗೋಣಿಯಲ್ಲಿ ಸುತ್ತಿ, ಅವಳನ್ನೂ ಕೂರಿಸಿಕೊಂಡು ನಿಡಘಟ್ಟಕ್ಕೆ ಕಾರು ಬಿಟ್ಟ.

ಬೆಟ್ಟಮ್ಮ ಗೋಣಿ ಬಿಚ್ಚಿ ನೋಡಿದಳು. ಆಶ್ಚರ್ಯಪಡಲಿಲ್ಲ. ಜಮೀನಿನ ಜಗಳದಲ್ಲಿ ದಾಯಾದಿಗಳು ಅಪ್ಪನಿಗೆ ಬಾಯಿಕಟ್ಟು ಮಾಡಿಸಿದ್ದರು, ಹತ್ತೊಂಬತ್ತು ದಿನ ಅಪ್ಪ ಅನ್ನ ನೀರು ಕಂಡಿರಲಿಲ್ಲ ಎಂದಳು. ಮಾಟ ಇಳಿಸುವ ಅಂಕಯ್ಯ ಅನ್ನುವವನು ಅದನ್ನು ಈ ಟೊಳ್ಳು ಎತ್ತಿನೊಳಗೆ ಕೂಡಿಹಾಕಿದನಂತೆ. ಅಂಕಯ್ಯ ಸತ್ತು ಎಷ್ಟೋ ಕಾಲವಾಗಿತ್ತು. ಒಳಗಿದ್ದ ಹಲ್ಲು ಎಲ್ಲಿ ಎಂದು ಬೆಟ್ಟಮ್ಮ ಕೇಳಿದಳು. ದೀಪಿಕ ತಲೆ ತಗ್ಗಿಸಿದಳು. ಆಗ ಮುದುಕಿ ನಾಗರಾಜುವನ್ನು ಮಾತ್ರ ಹೊರಗೆ ಕರೆದುಕೊಂಡು ಹೋದಳು. ಹುಲ್ಲಿನ ಬಣವೆಯ ಹತ್ತಿರ ಇಬ್ಬರೂ ಬಹಳ ಹೊತ್ತು ಮಾತಾಡಿದರು. ದೀಪಿಕಳಿಗೆ ಕೇಳಿಸಲಿಲ್ಲ. ಒಮ್ಮೆ ನಾಗರಾಜು ತಿರುಗಿ ಅವಳನ್ನು ನೋಡಿದ್ದು ಮಾತ್ರ ಕಾಣಿಸಿತು.

ಒಳಗೆ ಬಂದವನು, ಎತ್ತು ಬರಿಹೊಟ್ಟೆಯಲ್ಲಿ ಇರಬಾರದಂತೆ, ಗಟ್ಟಿ ಹಲ್ಲೊಂದನ್ನು ಮನಸಾರೆ ಕೊಟ್ಟು ಅರಗು ಮೆತ್ತಿದರೆ ಸಾಕಂತೆ ಅಂದ.

“ನಂದು ಕೀಳು. ಮೂವತ್ತೆರಡು ಅವೆ, ಒಂದೋದ್ರೆ ಏನಾಯ್ತದೆ,” ಎಂದು ನಕ್ಕ.

ಅವಳು ತಿದ್ದುವ ಸ್ಥಿತಿಯಲ್ಲಿರಲಿಲ್ಲ.

ಕ್ಲಿನಿಕ್ಕಿನ ಬಾಗಿಲು ಹಾಕಿಕೊಂಡು ಅವನನ್ನು ಕುರ್ಚಿಯಲ್ಲಿ ಕೂರಿಸಿದಳು. ಮರಗಟ್ಟಿಸುವ ಸೂಜಿ ಬೇಡ ಎಂದ, ಹಾಗೇ ಕೊಡಬೇಕಂತೆ. ಗೋಣಿ ಮೇಜಿನ ಮೇಲಿತ್ತು. ಒಳಗಿನಿಂದ ಮೆಲುಕಿನ ಸದ್ದು. ಅವಳು ಇಕ್ಕಳ ಹಾಕಿದಳು. ಅಲುಗಾಡಿಸಿದಳು. ಅವನ ಕೈ ಕುರ್ಚಿಯ ಹಿಡಿಯನ್ನು ಹಿಚುಕಿತು. ರಕ್ತ ಗದ್ದಕ್ಕಿಳಿಯಿತು. ಸದ್ದು ಜೋರಾಯಿತು. ಬೇರು ಹರಿಯಿತು. ಹಲ್ಲು ಕೈಗೆ ಬಂತು, ಬಿಸಿಬಿಸಿಯಾಗಿ. ಗೋಣಿ ಸರಿಸಿ ಎತ್ತಿನ ಹೊಟ್ಟೆಯ ತೂತಿಗೆ ತುರುಕಿದಳು. ಕರಗಿದ ಅರಗು ಸುರಿದಳು. ಗೋಣಿಯೊಳಗೆ ಏನೋ ಒದ್ದಾಡಿತು. ನಿಂತಿತು.

ಅವಳ ದವಡೆ ಟಕ್ಕನೆ ಬಿಟ್ಟುಕೊಂಡಿತು. ಬಾಯಿತುಂಬ ಗಾಳಿ ಎಳೆದುಕೊಂಡಳು. ಅಳುತ್ತ, ನಗುತ್ತ, ರೀ, ನೋಡಿ, ಹೋಯಿತು ಅಂದಳು. ನಾಗರಾಜು ಉತ್ತರ ಕೊಡಲಿಲ್ಲ. ಹತ್ತಿ ಕಚ್ಚಿಕೊಂಡಿದ್ದಾನೆ ಎಂದುಕೊಂಡಳು. ಹತ್ತಿ ತೆಗೆಯಲು ಹೋದಳು. ಬಾಯಿ ತೆರೆಯಲಿಲ್ಲ. ಎರಡೂ ಹೆಬ್ಬೆರಳು ಹಾಕಿ ಎಳೆದಳು. ತೆರೆಯಲಿಲ್ಲ. ಅವನ ಕಣ್ಣಿನಲ್ಲಿ ಗಾಬರಿ ಇರಲಿಲ್ಲ. ಆಗ ಅವಳಿಗೆ ಅರ್ಥವಾಯಿತು. ಬಣವೆಯ ಹತ್ತಿರ ನಡೆದ ಮಾತಿನಲ್ಲಿ ಅರ್ಧವನ್ನಷ್ಟೇ ಅವನು ತಂದಿದ್ದ.

ನಿಡಘಟ್ಟಕ್ಕೆ ಒಬ್ಬಳೇ ಓಡಿದಳು. ಬೆಟ್ಟಮ್ಮ ಹಸುವಿನ ಮುಂದೆ ಹುಲ್ಲು ಹಾಕುತ್ತ ಅವಳ ಕಡೆ ತಿರುಗಲೂ ಇಲ್ಲ.

“ಕೊಟ್ಟೋರ ಬಾಯಿ ಓಯ್ತದೆ ಅಂತ ನಿನ್ನ ಗಂಡನ್ಗೆ ಏಳಿದ್ದೆ ಕಣಮ್ಮ. ಅವತ್ತು ನಮ್ಮಪ್ಪನ್ಗೆ ಕೊಟ್ಟೋನು ನಮ್ಮ ಚಿಕ್ಕಪ್ಪ. ಸಾಯೋಗಂಟ ಮಾತಾಡ್ಲಿಲ್ಲ.”

ಅರಗು ಕಿತ್ತು ಅವನ ಹಲ್ಲನ್ನು ಹೊರಗೆ ತೆಗೆದು, ಎಲ್ಲವನ್ನೂ ಮೊದಲಿನಂತೆ ಮಾಡಬಹುದಿತ್ತು. ದೀಪಿಕ ಆ ಕೊಕ್ಕೆಯನ್ನು ಎರಡು ಸಲ ಕೈಗೆತ್ತಿಕೊಂಡಳು. ಎರಡು ಸಲವೂ ಬಾಯಲ್ಲಿ ಮರಳಿನ ರುಚಿ ನೆನಪಾಗಿ ಕೆಳಗಿಟ್ಟಳು.

ಹತ್ತು ದಿನ ಅವಳು ಕೊಳವೆಯಲ್ಲಿ ಗಂಜಿ ಕುಡಿಸಿದಳು. ಪಕ್ಕದಲ್ಲಿ ಕೂತು ಮಾತಾಡಿದಳು. ಮೈಸೂರಿಗೆ ಹೋಗೋಣ, ಶಸ್ತ್ರಚಿಕಿತ್ಸೆ ಮಾಡಿಸೋಣ, ನನಗೆ ಗೊತ್ತಿದ್ದರೆ ಒಪ್ಪುತ್ತಿರಲಿಲ್ಲ ಎಂದಳು. ಕಡೆಯ ಮಾತು ಸುಳ್ಳು ಎಂದು ಹೇಳುತ್ತಿರುವಾಗಲೇ ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಅವನು ಗೋಡೆಯ ಕಡೆ ಮಗ್ಗುಲಾದ.

ಹನ್ನೊಂದನೆಯ ದಿನ ಬೆಸಗರಹಳ್ಳಿಯಿಂದ ಅವನ ತಾಯಿ ಇಂದ್ರಮ್ಮ ಕಾರು ಮಾಡಿಕೊಂಡು ಬಂದಳು. ಮಗನ ಬಟ್ಟೆ ಜೋಡಿಸಿ, ಅವನನ್ನು ಕಾರಿನಲ್ಲಿ ಕೂರಿಸಿದಳು. ಎತ್ತನ್ನು ತನ್ನ ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು. ದೀಪಿಕ ಕಾರಿನ ಕಿಟಕಿ ಹಿಡಿದು, ಅತ್ತೆ, ಒಂದು ಮಾತು ಎಂದು ಶುರುಮಾಡಿದಳು.

ಇಂದ್ರಮ್ಮ ಗಾಜು ಏರಿಸುತ್ತ ಅಂದಳು.

“ನೀನು ಮಾತಾಡ್ಬೇಡ ಕಣಮ್ಮ. ಅವ್ನಿಗೆ ಕೇಳ್ತದೆ.”