ಮಂಗಳವಾರದಿಂದ ನನಗೆ ಹೆಸರಿಲ್ಲ

ಸೋಮವಾರ ಸಂಜೆಯವರೆಗೂ ನಾನು ಶಾಂತಪ್ಪ. ಮಂಗಳವಾರ ಬೆಳಿಗ್ಗೆಯಿಂದ ಯಾರೂ ಅಲ್ಲ.

"ನೋಡಿ, ಪುಸ್ತಕ ಬಿಟ್ಟು ಹೋಗ್ತಿದ್ದೀರಿ," ಅಂದಳು ಸುಲೋಚನ, ಶಾಲೆಯ ಜಗಲಿಯಲ್ಲಿ ನಿಂತು.

ನಾನು ಹಿಂದೆ ತಿರುಗಿ ನೋಡಿದೆ. ಹೆಡ್‌ಮಾಸ್ಟರೋ ಇನ್‌ಸ್ಪೆಕ್ಟರೋ ಬಂದಿರಬೇಕು ಅಂದುಕೊಂಡೆ. ಯಾರೂ ಇರಲಿಲ್ಲ. ಆ ‘ನೋಡಿ’ ನನಗೇ ಹೇಳಿದ್ದು.

ಆರನೇ ಕ್ಲಾಸಿನಿಂದ ಅವಳು ನನ್ನನ್ನು ಕರೆಯುತ್ತಿದ್ದದ್ದು ‘ಏ ಶಾಂತಪ್ಪ’ ಎಂದು. ನಾನು ಶಿರಂಗಾಲದಿಂದ ಬಂದು ಸೋಮವಾರಪೇಟೆಯ ಮಠದಲ್ಲಿ ಉಂಡು ಓದುತ್ತಿದ್ದ ಹುಡುಗ. ಅವಳು ಏಲಕ್ಕಿ ವ್ಯಾಪಾರದ ಗಂಗಣ್ಣನವರ ಮಗಳು. ಆದರೂ ಪೆನ್ಸಿಲ್ ಕಿತ್ತುಕೊಳ್ಳುವುದಕ್ಕೆ ‘ಏ ಶಾಂತಪ್ಪ’, ಲೆಕ್ಕ ತಪ್ಪಿದರೆ ನಗುವುದಕ್ಕೂ ‘ಏ ಶಾಂತಪ್ಪ’. ಇಬ್ಬರೂ ಅದೇ ಊರಿನ ಶಾಲೆಯಲ್ಲಿ ಮೇಷ್ಟರಾದ ಮೇಲೂ ಅದು ಬದಲಾಗಿರಲಿಲ್ಲ. ಮಕ್ಕಳ ಮುಂದೆ ಮಾತ್ರ ‘ಶಾಂತಪ್ಪ ಮೇಷ್ಟ್ರೇ’. ಆಗಲೂ ಕಣ್ಣಲ್ಲಿ ‘ಏ’ ಇದ್ದೇ ಇರುತ್ತಿತ್ತು.

ಈಗ ಒಂದೇ ರಾತ್ರಿಗೆ ಹೆಸರೂ ಹೋಯಿತು, ‘ನೀನು’ ಕೂಡ ಹೋಯಿತು. ಕಣ್ಣೆತ್ತಿಯೂ ನೋಡಲಿಲ್ಲ. ಪುಸ್ತಕವನ್ನು ಜಗಲಿಯ ಮೇಲಿಟ್ಟು ಸರಿದು ನಿಂತಳು.

ನಮ್ಮ ಮನೆಯಲ್ಲಿ ಅವ್ವನಿಗೆ ಸಿಟ್ಟು ನೆತ್ತಿಗೇರಿದಾಗ ಮಾತ್ರ ನನಗೆ ಬಹುವಚನ ಸಿಗುತ್ತಿತ್ತು. "ಬನ್ನಿ ಸ್ವಾಮಿ, ಊಟಕ್ಕೆ ದಯಮಾಡಿಸಿ" ಅಂದಳೆಂದರೆ ಅವತ್ತು ನನ್ನ ಗ್ರಹಚಾರ ಕೆಟ್ಟಿತು ಅಂತಲೇ ಅರ್ಥ. ಹಾಗಾಗಿ ನನಗೆ ಹೊಳೆದದ್ದು ಒಂದೇ. ಸುಲೋಚನಳಿಗೆ ನನ್ನ ಮೇಲೆ ಸಿಟ್ಟು ಬಂದಿದೆ.

ಕಾರಣವೂ ಇತ್ತು.

ಅದು ಐವತ್ತೊಂದನೇ ಇಸವಿಯ ಫೆಬ್ರವರಿ, ಜನಗಣತಿಯ ಕಾಲ. ಮನೆ ಮನೆಗೆ ಹೋಗಿ ಹೆಸರು, ವಯಸ್ಸು ಬರೆದುಕೊಳ್ಳುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಗಂಡಸು ಒಬ್ಬನೇ ಹೋಗಿ ಕೇಳಿದರೆ ಹೆಂಗಸರು ಬಾಗಿಲ ಹಿಂದೆಯೇ ಉಳಿಯುತ್ತಾರೆಂದು ಹೆಡ್‌ಮಾಸ್ಟರು ಸುಲೋಚನಳನ್ನು ಜೊತೆಗೆ ಹಾಕಿದ್ದರು. ನಮ್ಮಿಬ್ಬರ ಕಾವಲಿಗೆ ಶಾಲೆಯಲ್ಲಿ ನೀರು ತುಂಬುವ ನಿಂಗಮ್ಮ. ಆ ಕಾವಲು ಎರಡನೇ ದಿನಕ್ಕೇ ಸಡಿಲವಾಗಿತ್ತು. ಎಲ್ಲಿ ನೆರಳು ಕಂಡರೂ ಕೂತು ಎಲೆ ಅಡಿಕೆ ಹಾಕಿಕೊಳ್ಳುವುದು ಅವಳ ಅಭ್ಯಾಸ.

ಆ ಸೋಮವಾರ ಎಸ್ಟೇಟಿನ ಲೈನಿಗೆ ಹೋಗಿದ್ದೆವು. ಕೂಲಿಯವರ ಸಾಲು ಮನೆಗಳು. ಮೂರನೇ ಮನೆಯ ಕಾಳಮ್ಮನನ್ನು ಗಂಡನ ಹೆಸರು ಕೇಳಿದೆ.

"ಗುಂಡನ ಅಪ್ಪ," ಅಂದಳು.

"ಅದು ಹೆಸರಲ್ಲಮ್ಮ. ಹೆಸರೇನು?"

"ಅವ್ರೇ ಕಣಪ್ಪ. ನಮ್ಮನೇರು."

ಕೊನೆಗೆ ಅವಳು ಅಂಗಳಕ್ಕೆ ಇಳಿದು, ಮರದ ಬುಡದ ನಾಗರ ಕಲ್ಲಿನ ಕಡೆ ಬೆರಳು ತೋರಿಸಿದಳು. "ನಾಗಪ್ಪನಾ?" ಅಂದಳು ಸುಲೋಚನ. ಅಲ್ಲ ಎಂದು ಕಾಳಮ್ಮ ತಲೆಯಾಡಿಸಿದಳು. ಮೀಸೆ ತಿರುವಿ, ತಲೆಯ ಮೇಲೆ ಕಿರೀಟ ಇಟ್ಟುಕೊಂಡಂತೆ ಮಾಡಿ ತೋರಿಸಿದಳು. "ನಾಗರಾಜು!" ಎಂದು ಸುಲೋಚನ ಚಪ್ಪಾಳೆ ತಟ್ಟಿದಳು. ಅಲ್ಲಿಗೆ ಬರೆದುಕೊಂಡು ಮುಂದೆ ಹೋಗಬಹುದಿತ್ತು. ನಾನು ಹೋಗಲಿಲ್ಲ. ನನಗೆ ಭಾಷಣದ ಚಟ.

"ಬಾಯಿ ಬಿಟ್ಟು ಹೇಳಿ ತಾಯಿ. ಹೆಸರೇನು ಕಚ್ಚುತ್ತಾ? ಸ್ವರಾಜ್ಯ ಬಂದು ಮೂರು ವರ್ಷ ಆಯ್ತು, ಇನ್ನೂ ಗಂಡನ ಹೆಸರಿಗೆ ಹೆದರಿದರೆ ಹೇಗೆ?"

ಕಾಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು. ದಾರಿಯುದ್ದಕ್ಕೂ ಸುಲೋಚನ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಪೇಟೆ ಹತ್ತಿರ ಬಂದಾಗ, "ಏ ಶಾಂತಪ್ಪ, ಅದು ಹೆದರಿಕೆ ಅಂತ ನಿನಗೆ ಯಾರು ಹೇಳಿದ್ದು?" ಅಂದಳು. ನನ್ನ ಹೆಸರನ್ನು ಅವಳ ಬಾಯಲ್ಲಿ ಕೇಳಿದ್ದು ಅದೇ ಕೊನೆ.

ನನ್ನ ಕೋಣೆಗೆ ಬಂದರೆ ಬಾಗಿಲ ಬಳಿ ರಾಗಿ ಹಿಟ್ಟಿನ ಗಂಟು ಇತ್ತು. ಅವ್ವ ಸಂತೆಗೆ ಬಂದು ಸಂಜೆ ಬಸ್ಸಿಗೆ ಹೋಗಿದ್ದಾಳೆ ಎಂದು ಪಕ್ಕದವರು ಹೇಳಿದರು. ನನಗೆ ಅದರ ಮೇಲೆ ಗಮನವೇ ಇರಲಿಲ್ಲ. ಆ ರಾಗಿ ಗಂಟಿನ ಮುಂದೆ ಕೂತು ಸ್ವಲ್ಪ ಯೋಚಿಸಿದ್ದರೆ ಮುಂದಿನ ಒಂಬತ್ತು ದಿನದ ಸಂಕಟ ಉಳಿಯುತ್ತಿತ್ತು.

ಒಂಬತ್ತು ದಿನ! ಮೊದಲೆಲ್ಲ ಮಧ್ಯಾಹ್ನ ಒಂದು ಕಿತ್ತಳೆ ಸುಲಿದು, "ಇಗೋ, ಹುಳಿ ಇರೋ ಅರ್ಧ ನಿನಗೆ" ಎಂದು ಕೈಗೆ ತುರುಕುತ್ತಿದ್ದವಳು ಈಗ ಇಡೀ ಹಣ್ಣನ್ನು ನಿಂಗಮ್ಮನ ಕೈಲಿ ಕಳಿಸುತ್ತಿದ್ದಳು. "ಅವರಿಗೆ ಕೊಡು ನಿಂಗಮ್ಮ." ಅವರು ಎಂದರೆ ನಾನು, ಮಾರು ದೂರದಲ್ಲಿ ಕೂತಿದ್ದ ನಾನು. ಇಡೀ ಹಣ್ಣು ಸಿಕ್ಕಿದರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆದರೆ ಸಿಟ್ಟಾದವರು ಹಣ್ಣು ಯಾಕೆ ಕೊಡುತ್ತಾರೆ? ನಾನು ಬರೆಯುವಾಗ ಕದ್ದು ಯಾಕೆ ನೋಡುತ್ತಾರೆ? ಎರಡು ಸಲ ಸಿಕ್ಕಿಬಿದ್ದಳು. ಎರಡು ಸಲವೂ ಕಿವಿಯ ತುದಿಯವರೆಗೆ ಕೆಂಪಾಗಿ, ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಆಕಾಶ ನೋಡಿದಳು. ನನಗೆ ತಲೆ ಕೆಟ್ಟುಹೋಯಿತು.

"ಕಾಳಮ್ಮನ ಹತ್ತಿರ ತಪ್ಪಾಯ್ತು ಅಂತ ಹೇಳಿ ಬಂದೆ," ಅಂದೆ ಶುಕ್ರವಾರ. ನಿಜವಾಗಿಯೂ ಹೋಗಿ ಹೇಳಿದ್ದೆ.

"ಗೊತ್ತು. ಕೇಳಿ ಸಂತೋಷ ಆಯ್ತು ನನಗೆ."

"ಮತ್ತೆ ಯಾಕೆ ಹೀಗೆ?"

"ಹೇಗೆ?"

"ನನ್ನ ಹೆಸರು ಮರೆತುಹೋಯ್ತಾ ನಿನಗೆ?"

ಅವಳು ತುಟಿ ಕಚ್ಚಿ ನಕ್ಕಳು. "ಮರೆಯೋ ಹೆಸರಾ ಅದು?" ಎಂದು ಹೇಳಿ ನಿಂಗಮ್ಮನ ಪಕ್ಕಕ್ಕೆ ಓಡಿಹೋದಳು. ಇದನ್ನು ನಾನು ಏನೆಂದು ಅರ್ಥ ಮಾಡಿಕೊಳ್ಳಲಿ?

ಮರುದಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೆಳ್ಳಿಯಪ್ಪನವರ ಮನೆಗೆ ಹೋದೆವು. ಅವರ ಹೆಂಡತಿ ತಂಗಮ್ಮ, ಮಡಿಕೇರಿಯಲ್ಲಿ ಓದಿದವರು, ಕಾಫಿ ಕೊಟ್ಟು ಎದುರಿಗೇ ಕೂತರು. "ಬರ್ಕೊಳ್ಳಿ. ನನ್ನ ಹಸ್ಬೆಂಡ್ ಹೆಸರು ಬೆಳ್ಳಿಯಪ್ಪ," ಅಂದರು, ಏನೂ ಆಗದವರ ಹಾಗೆ.

ಸುಲೋಚನ ಕಪ್ಪು ಕೆಳಗಿಟ್ಟಳು. "ಹೆಸರು ಹೇಳಿದ್ರೆ ಅವರು ಏನೂ ಅನ್ನಲ್ವಾ?"

"ಏನಂತಾರೆ? ಮೊದಲು ನಾನೂ ‘ಇವರು’ ಅಂತಿದ್ದೆ. ಆಮೇಲೆ ಕ್ಲಬ್ಬಲ್ಲಿ ಎಲ್ಲರೂ ಮಿಸ್ಟರ್, ಹಸ್ಬೆಂಡ್ ಅಂತ ಶುರು ಮಾಡಿದ್ರು, ನನಗೂ ಅದೇ ಬಂತು. ನೀವು ಏನಂತ ಕರೀತೀರಿ ನಿಮ್ಮವರನ್ನ?"

ತಂಗಮ್ಮನವರು ಕೇಳುತ್ತಾ ಅವಳನ್ನೂ ನನ್ನನ್ನೂ ನೋಡಿದರು. ನಾನು ತಪ್ಪು ತಿದ್ದಲು ಬಾಯಿ ತೆರೆಯುವಷ್ಟರಲ್ಲಿ ಸುಲೋಚನ ಕಪ್ಪಿನೊಳಗೆ ನೋಡುತ್ತಾ, "ಇನ್ನೂ ಗೊತ್ತಾಗಿಲ್ಲ," ಅಂದಳು.

ಹೊರಗೆ ಬಂದ ಮೇಲೆ ಅವಳು ‘ಹಸ್ಬೆಂಡ್, ಹಸ್ಬೆಂಡ್’ ಎಂದು ಎರಡು ಸಲ ಮೆಲ್ಲಗೆ ಹೇಳಿ ನೋಡಿದಳು. "ಸೋಡಾ ಕುಡಿದ ಹಾಗಿದೆ," ಎಂದು ನಕ್ಕಳು. ಆ ನಗು ನೋಡಿ ನನಗೆ ಆಸೆ ಹುಟ್ಟಿತು. ಸುಳ್ಳು ಯಾಕೆ ಹೇಳಲಿ, ಆಸೆ ಎಂದೋ ಹುಟ್ಟಿತ್ತು. ಊರಿಗೆ ಹೋದಾಗಲೆಲ್ಲ ಅವ್ವನ ಮುಂದೆ ಸುಲೋಚನ ಹೀಗಂದಳು, ಸುಲೋಚನ ಹಾಗಂದಳು ಎಂಬ ಮಾತು ಬಿಟ್ಟರೆ ನನ್ನ ಹತ್ತಿರ ಬೇರೆ ಮಾತೇ ಇರಲಿಲ್ಲ. ಆದರೆ ಗಂಗಣ್ಣನವರ ಮಗಳನ್ನು ಕೇಳುವ ಧೈರ್ಯ ಮಠದ ಊಟ ಉಂಡವನಿಗೆ ಎಲ್ಲಿಂದ ಬರಬೇಕು?

ಆ ಆಸೆಯನ್ನು ನಿಂಗಮ್ಮ ಸೋಮವಾರ ಒಂದೇ ಮಾತಿನಲ್ಲಿ ಮುರಿದಳು. ಎಲೆಗೆ ಸುಣ್ಣ ಹಚ್ಚುತ್ತಾ, "ಗೊತ್ತಾಯ್ತಾ ಮೇಷ್ಟ್ರೇ? ಸುಲೋಚನಮ್ಮಂಗೆ ಗಂಡು ಗೊತ್ತಾಯ್ತಂತೆ. ಹೋದ ಸಂತೆ ದಿನ ಕಾಯಿ, ಬಾಳೆಹಣ್ಣು ತಂದು ಕೊಟ್ಟೋದ್ರಂತೆ," ಅಂದಳು.

"ಯಾರಂತೆ?"

"ಯಾರೋ ಬೇರೆ ಊರೋರು. ನಂಗೇನು ಗೊತ್ತು."

ಎಲ್ಲ ಅರ್ಥವಾಯಿತು ಎಂದುಕೊಂಡೆ. ಮದುವೆ ಗೊತ್ತಾದ ಹುಡುಗಿ ಪರಗಂಡಸನ್ನು ಹೆಸರು ಹಿಡಿದು ಕರೆಯುವುದು ಸರಿಯಲ್ಲ, ಅದಕ್ಕೇ ದೂರ ಇಟ್ಟಿದ್ದಾಳೆ. ಆ ನಗು, ಆ ಕೆಂಪು ಎಲ್ಲ ಇನ್ಯಾರಿಗೋ ಸೇರಿದ್ದು. ಇನ್ಯಾರದೋ ‘ಇವರು’ ಅವಳ ಬಾಯಲ್ಲಿ ದಿನವೂ ಬರುವುದನ್ನು ಸ್ಟಾಫ್ ರೂಮಿನಲ್ಲಿ ಕೂತು ಕೇಳುವುದು ನನ್ನಿಂದಾಗದು. ಅವತ್ತೇ ಹುದಿಕೇರಿ ಶಾಲೆಗೆ ವರ್ಗ ಮಾಡಿ ಎಂದು ಅರ್ಜಿ ಬರೆದೆ. ಹುದಿಕೇರಿ ಕೊಡಗಿನ ಆ ತುದಿ. ಅದಕ್ಕಿಂತ ದೂರದ ಊರು ನನಗೆ ಗೊತ್ತಿರಲಿಲ್ಲ.

ಬುಧವಾರ ಗಣತಿಯ ಪುಸ್ತಕಗಳನ್ನು ಕಟ್ಟಿ ಒಪ್ಪಿಸುವ ದಿನ. ಶಾಲೆ ಖಾಲಿ. ಸುಲೋಚನ ಮೇಜಿನ ಮೇಲೆ ಚೀಟಿಗಳನ್ನು ಜೋಡಿಸುತ್ತಿದ್ದಳು. ನನ್ನ ಪುಸ್ತಕದೊಳಗಿಂದ ಆ ಅರ್ಜಿ ಜಾರಿ ಅವಳ ಕೈಗೆ ಸಿಕ್ಕಿತು. ಓದಿದಳು. ಅವಳ ಮುಖದ ಬಣ್ಣ ಇಳಿದುಹೋಯಿತು.

"ಹುದಿಕೇರಿಗೆ ಯಾಕೆ?"

"ಸಂಜೆ ಬಸ್ಸಿಗೆ ಕಳಿಸ್ತೀನಿ."

"ಯಾಕೆ ಅಂತ ಕೇಳಿದ್ದು. ಮನಸ್ಸು ಬದಲಾಯ್ತಾ ನಿಮಗೆ?"

"ನನ್ನ ಮನಸ್ಸು ಯಾವತ್ತೂ ಬದಲಾಗಿಲ್ಲ," ಅಂದೆ. ಇನ್ನು ಮುಚ್ಚಿಡುವುದಕ್ಕೆ ಏನಿತ್ತು? "ಆರನೇ ಕ್ಲಾಸಿಂದ ನೀನೇ ತುಂಬಿದ್ದೀಯ ಅದರಲ್ಲಿ. ಅದಕ್ಕೇ ಹೋಗ್ತಿರೋದು. ನಿನ್ನ ಮದುವೆ ಊಟಕ್ಕೆ ಎಲೆ ಹಾಕಿಸಿಕೊಂಡು ಕೂರೋಕೆ ನನ್ನಿಂದ ಆಗಲ್ಲ ಸುಲೋಚನ. ಯಾರು ಅವನು? ಹೆಸರಾದರೂ ಹೇಳು."

ಅವಳು ನನ್ನನ್ನೇ ನೋಡಿದಳು. ಒಂಬತ್ತು ದಿನದಲ್ಲಿ ಮೊದಲ ಸಲ, ನೆಟ್ಟ ನೋಟದಲ್ಲಿ.

"ನಿಮ್ಮ ತಾಯಿ ಏನೂ ಹೇಳಿಲ್ವಾ?"

"ಅವ್ವನಿಗೇನು ಗೊತ್ತು?"

"ಅಯ್ಯೋ ಶಿವನೇ," ಎಂದು ಅವಳು ಕುರ್ಚಿಯ ಮೇಲೆ ಕೂತುಬಿಟ್ಟಳು. "ನಮ್ಮಪ್ಪನೂ ಹೇಳಲಿಲ್ವಾ? ನಾನು ಅಂದ್ಕೊಂಡೆ... ಅವರು ಬಂದು ‘ನಮ್ಮ ಹುಡುಗ ಎಂದೋ ಒಪ್ಪಿದ್ದಾನೆ’ ಅಂದ್ರು. ಅಪ್ಪ ನನ್ನನ್ನ ಕೇಳಿದ್ರು, ನಾನು ಹೂಂ ಅಂದೆ."

ನನಗೆ ಇನ್ನೂ ತಲೆಗೆ ಹೋಗಲಿಲ್ಲ. ಮೇಷ್ಟರ ಬುದ್ಧಿ. "ಯಾರು ಬಂದು? ಯಾವ ಹುಡುಗ? ಹೆಸರು ಹೇಳು ಅಂದೆನಲ್ಲ."

ಅವಳು ಬಾಯಿ ತೆರೆದಳು, ಮುಚ್ಚಿದಳು. ಕೆನ್ನೆ ಕೆಂಪೇರಿತು. ಆಮೇಲೆ ನನ್ನ ಅರ್ಜಿಯನ್ನು ಮೇಜಿನ ಮೇಲೆ ಹರಡಿ, ಕೆಳಗಿನ ಮೂಲೆಯಲ್ಲಿದ್ದ ನನ್ನ ಸಹಿಯ ಮೇಲೆ ಬೆರಳಿಟ್ಟಳು. ಕಾಳಮ್ಮ ನಾಗರ ಕಲ್ಲನ್ನು ತೋರಿಸಿದ ಹಾಗೆಯೇ.

"ಇವರು," ಅಂದಳು.

ಆ ಬೆರಳನ್ನೇ ನೋಡುತ್ತಾ ನಿಂತೆ. ಕಣ್ಣು ಮಂಜಾಯಿತು. ರಾಗಿ ಗಂಟು, ಬಾಳೆಹಣ್ಣು, ಇಡೀ ಕಿತ್ತಳೆ, ಎಲ್ಲ ಒಟ್ಟಿಗೆ ಅರ್ಥವಾದವು. ಗಂಗಣ್ಣನವರು ಹೇಳುತ್ತಾರೆ ಎಂದು ಅವ್ವ, ಅವ್ವ ಹೇಳಿರುತ್ತಾಳೆ ಎಂದು ಗಂಗಣ್ಣನವರು ಅಂದುಕೊಂಡಿದ್ದರು. ಮದುಮಗನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

"ಹತ್ತು ವರ್ಷ ‘ಏ ಶಾಂತಪ್ಪ’ ಅಂದೆಯಲ್ಲೇ," ಅಂದೆ. "ಇನ್ನೊಂದೇ ಒಂದು ಸಲ ಕರೆಯಬಾರದಾ?"

"ಆಗ ನೀವು ಬರೀ ಶಾಂತಪ್ಪ ಆಗಿದ್ರಿ. ಈಗ ನನ್ನವರು." ಅರ್ಜಿಯನ್ನು ನಾಲ್ಕಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹೆದರಿಕೆ ಅಲ್ಲ ಅಂತ ಅವತ್ತೇ ಹೇಳಿದ್ದೆ. ಒಳಗೆ ಇಟ್ಕೊಂಡಿರೋದನ್ನ ಸಂತೆಯಲ್ಲಿ ಕೂಗ್ತಾರಾ?"

ಅಷ್ಟರಲ್ಲಿ ಜಗಲಿಯಿಂದ ನಿಂಗಮ್ಮನ ದನಿ. "ಮೇಷ್ಟ್ರೇ, ಬೀಗ ಹಾಕ್ಬೇಕು. ಒಳಗೆ ಇನ್ನೂ ಯಾರವ್ರೆ?"

ಹೇಳಲು ಬಾಯಿ ತೆರೆದೆ. ದಿನಕ್ಕೆ ನೂರು ಸಲ ಹೇಳುತ್ತಿದ್ದ ಹೆಸರು. ಗಂಡಸರಿಗೆ ಹೆಂಡತಿಯ ಹೆಸರು ಹೇಳಬಾರದೆಂದು ಯಾರೂ ಕಟ್ಟು ಮಾಡಿರಲಿಲ್ಲ. ಆದರೂ ನಾಲಿಗೆಯ ತುದಿಗೆ ಬಂದ ಹೆಸರು ಅಲ್ಲೇ ನಿಂತಿತು. ಕಿವಿ ಬಿಸಿಯಾಯಿತು.

"ಇವಳು... ಇವರು... ನಮ್ಮ..."

ಸುಲೋಚನ ಸೆರಗನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಣಿಸಿ ಕುಣಿಸಿ ನಗುತ್ತಿದ್ದಳು. ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು:

"ಬಾಯಿ ಬಿಟ್ಟು ಹೇಳಿ ಮೇಷ್ಟ್ರೇ. ಹೆಸರೇನು ಕಚ್ಚುತ್ತಾ?"

ನಾನು ಹೇಳಲಿಲ್ಲ.